ಏಳನೆಯ ಬಂಡೆಯ ಮಂದೆ

ಹುಮನಾಬಾದಿನ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುವ ಒಂದು ಅಂಗಡಿಯಿದೆ. ಅದರ ಮಗ್ಗುಲಿನ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಎರಡು ಕೋಣೆ, ಆರು ಕಂಪ್ಯೂಟರು, ಒಂದು ತಿರುಗುವ ಫ್ಯಾನು, ಒಂದು ತಿರುಗದ ಫ್ಯಾನು. ಅಲ್ಲಿ ಕುಳಿತು ಮೋರಖಂಡಿಯ ಪೂನಂ ಒಂದು ವರ್ಷ ಸಮುದ್ರದ ಮೀನು ನೋಡಿದಳು. ಸಮುದ್ರವನ್ನು ಆಕೆ ಕಂಡವಳಲ್ಲ. ಮೀನನ್ನು ಕಂಡದ್ದೂ ಸಂತೆಯಲ್ಲಿ, ಬುಟ್ಟಿಯೊಳಗೆ, ಸತ್ತ ಮೇಲೆ. ಇಂಥವಳನ್ನು ಮೀನು ನೋಡಲು ಕೂರಿಸಿದವರ ಬುದ್ಧಿಗೆ ಏನು ಹೇಳೋಣ ಎಂದು ನೀವು ಕೇಳಬಹುದು. ಆದರೆ ಆ ಎರಡು ಕೋಣೆಗಳಲ್ಲಿ ಮೀನನ್ನು ನಿಜವಾಗಿ ನೋಡಿದವಳು ಆಕೆಯೊಬ್ಬಳೇ. ಎಡವಟ್ಟಾದದ್ದೂ ಅದರಿಂದಲೇ.

ಪೂನಂಗೆ ಈಗ ಮೂವತ್ತೊಂದು. ಅವಳ ಅಪ್ಪ ಮಡೆಪ್ಪ ಕುರಿ ಮೇಯಿಸಿದವನು. ಮೋರಖಂಡಿಯಿಂದ ನಾರಾಯಣಪುರದ ಬೀಳುಗಳವರೆಗೆ, ಒಮ್ಮೊಮ್ಮೆ ಹುಮನಾಬಾದಿನ ದಾರಿಯುದ್ದಕ್ಕೂ ಅವನ ಮಂದೆ ಅಲೆಯುತ್ತಿತ್ತು. ತಾಯಿ ಇಲ್ಲದ ಹುಡುಗಿ, ಮನೆಯಲ್ಲಿ ಬಿಟ್ಟು ಹೋಗುವುದು ಯಾರ ಬಳಿ? ಹಾಗಾಗಿ ಶಾಲೆ ಇಲ್ಲದ ದಿನವೆಲ್ಲ ಅಪ್ಪನ ಹಿಂದೆಯೇ. ಮಡೆಪ್ಪನಿಗೆ ಒಂದು ಪದ್ಧತಿಯಿತ್ತು. ಅವನು ಎಂದೂ ಕುರಿ ಎಣಿಸಿದವನಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ, ಮಂದೆ ಕರಗುತ್ತದೆ ಎಂಬ ಭಯ. ಸಂಜೆ ದೊಡ್ಡಿಯ ಬಾಗಿಲಲ್ಲಿ ಕೋಲೂರಿ ನಿಂತು, ಒಳಗೆ ಹೋಗುವ ಒಂದೊಂದು ಮುಖವನ್ನು ನೋಡುತ್ತಿದ್ದ. ಎಲ್ಲ ಹೋದ ಮೇಲೆ ಮಗಳ ಕಡೆ ತಿರುಗಿ, "ಯಾರು ಬಂದಿಲ್ಲ?" ಎಂದು ಕೇಳುತ್ತಿದ್ದ. ಪೂನಂ ಏಳು ವರ್ಷದವಳಿದ್ದಾಗಲೇ "ಮೋಟಗಿವಿ ಬಂದಿಲ್ಲ ಅಪ್ಪಾ, ಬಿಳಿಕಾಲೀದು ಸಣ್ಣ ಮರೀನೂ ಇಲ್ಲ" ಎನ್ನುತ್ತಿದ್ದಳು. ತಪ್ಪಿದ್ದು ಕಡಿಮೆ.

ದನದ ದವಾಖಾನೆಯವರು ವರ್ಷಕ್ಕೊಮ್ಮೆ ಸೂಜಿ ಹಾಕಲು ಬಂದಾಗ ಮಾತ್ರ ಎಣಿಸದೆ ವಿಧಿಯಿರಲಿಲ್ಲ. ಮಡೆಪ್ಪ ಮುಖ ಸಿಂಡರಿಸಿಕೊಂಡು ಅದನ್ನು ಸಹಿಸುತ್ತಿದ್ದ. ಮರುವರ್ಷ ಅವರು ಮತ್ತೆ ಎಣಿಸಲು ಹೊರಟರೆ ಅಡ್ಡ ನಿಲ್ಲುತ್ತಿದ್ದ. "ಒಂದು ಸಲ ಎಣಿಸಿದ್ದು ಆತಲ್ರಿ ಸಾಹೇಬ್ರ. ಅವೇ ಕುರಿ ಅವ. ಹೊಸಾವು ಎಷ್ಟು ಹುಟ್ಯಾವ ನೋಡಿ ಅಷ್ಟ ಬರ್ಕೋರಿ." ಸಾಹೇಬರು ನಕ್ಕು ತಮ್ಮ ಪಾಡಿಗೆ ಎಣಿಸಿಕೊಂಡು ಹೋಗುತ್ತಿದ್ದರು. ಪೂನಂ ಮಾತ್ರ ನಗುತ್ತಿರಲಿಲ್ಲ. ಅಪ್ಪ ಹೇಳಿದ್ದರಲ್ಲಿ ನಗುವಂಥದ್ದು ಏನಿದೆ ಎಂದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

ಇಪ್ಪತ್ತಕ್ಕೆ ಮದುವೆಯಾಯಿತು, ಇಪ್ಪತ್ತಮೂರಕ್ಕೆ ತಿರುಗಿ ಬಂದಳು. ಗಂಡನ ಮನೆಯವರು ಹೊಡೆದರು, ಬಡಿದರು ಎಂದೇನಲ್ಲ. ಮಕ್ಕಳಾಗಲಿಲ್ಲ ಎಂದು ಇನ್ನೊಬ್ಬಳನ್ನು ತಂದರು. ಆ ಮನೆಯಲ್ಲಿ ಮಲಗುವುದಕ್ಕೆ, ಉಣ್ಣುವುದಕ್ಕೆ, ಕೂತು ಕೂದಲು ಬಾಚಿಕೊಳ್ಳುವುದಕ್ಕೆ ಅವಳದು ಅಂತ ಇದ್ದ ಜಾಗಗಳಲ್ಲಿ ಒಂದೊಂದರಲ್ಲೂ ಆ ಇನ್ನೊಬ್ಬಳು ಕೂತಳು. ಯಾರೂ ಹೋಗು ಅನ್ನಲಿಲ್ಲ. ಪೂನಂ ತಾನಾಗಿಯೇ ಬಸ್ಸು ಹತ್ತಿದಳು. ತವರಿಗೆ ಬಂದರೆ ಅಣ್ಣ ಕಲ್ಲಿನಾಥನ ಸಂಸಾರ ಬೆಳೆದು ಅಲ್ಲಿಯೂ ಸಂದಿ ಇರಲಿಲ್ಲ. ಅಪ್ಪ ಇರುವ ತನಕ ಮಂದೆಯ ನೆಪದಲ್ಲಿ ದಿನ ಕಳೆಯಿತು. ಅಪ್ಪ ಸತ್ತ ವರ್ಷವೇ ಕಲ್ಲಿನಾಥ ಕುರಿಗಳನ್ನು ಮಾರಿ ಒಂದು ಟೆಂಪೊ ಕೊಂಡ. ಬೀಳುಗಳೆಲ್ಲ ಸೋಯಾ ಹೊಲಗಳಾಗಿದ್ದವು, ಮೇಯಿಸುವುದಾದರೂ ಎಲ್ಲಿ? ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ಕುರಿಗಳು ಲಾರಿ ಹತ್ತಿದ ದಿನ ಪೂನಂ ಅತ್ತದ್ದು ಅಪ್ಪ ಸತ್ತ ದಿನಕ್ಕಿಂತ ಹೆಚ್ಚು. ಇನ್ನು ಮುಂದೆ ಅವುಗಳಲ್ಲಿ ಯಾವುದು ಯಾವುದೆಂದು ಬಲ್ಲವರು ಯಾರೂ ಇರುವುದಿಲ್ಲವಲ್ಲ ಎಂದು ಅವಳಿಗೆ ಸಂಕಟ. ಈ ಸಂಕಟವನ್ನು ಯಾರಿಗೆ ಹೇಳುವುದು? ಹೇಳಿದರೆ ಅಣ್ಣನ ಹೆಂಡತಿ, ವೈನಿ, ಮೂಗು ಮುರಿಯುತ್ತಿದ್ದಳು.

ಪಿಯುಸಿವರೆಗೆ ಓದಿದ್ದಳು, ಬಸವಕಲ್ಯಾಣದಲ್ಲಿ ಮೂರು ತಿಂಗಳು ಕಂಪ್ಯೂಟರು ಕಲಿತಿದ್ದಳು. ಅಷ್ಟನ್ನೇ ನಂಬಿ ಹುಮನಾಬಾದಿಗೆ ಬಂದು ಅಜೀಮನ ಸೆಂಟರು ಸೇರಿದಳು. ಅಜೀಮ್ ಹೈದರಾಬಾದಿನಲ್ಲಿ ಕೆಲಸ ಮಾಡಿ ಬಂದವನು, ಮಾತು ಬಹಳ, ಮನಸ್ಸು ಕೆಟ್ಟದ್ದಲ್ಲ. ದೂರದ ಕಂಪನಿಗಳು, ಸಂಸ್ಥೆಗಳು ಕಳಿಸುವ ಚಿತ್ರಗಳಲ್ಲಿ ಇದು ಬಸ್ಸು, ಇದು ಎತ್ತು, ಇದು ಗುಂಡಿ ಎಂದು ಸುತ್ತ ಚೌಕ ಎಳೆದು ಗುರುತು ಹಾಕಿ ಕೊಡುವುದು ಅವನ ಸೆಂಟರಿನ ಕೆಲಸ. ಪೂನಂ ಹಳೇ ಓಣಿಯಲ್ಲಿ ವಜೀರಬಿ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆ ಹಿಡಿದಳು. ಬೆಳಿಗ್ಗೆ ರೊಟ್ಟಿ ಬಡಿದುಕೊಂಡು ಸೆಂಟರಿಗೆ ಹೋದರೆ ಸಂಜೆ ವಾಪಸು. ಮೊದಮೊದಲು ಜೊತೆಗೆ ಐದು ಹುಡುಗಿಯರಿದ್ದರು. ಒಬ್ಬೊಬ್ಬರಾಗಿ ಮದುವೆಯಾಗಿ, ಇಲ್ಲವೇ ಬೇರೆ ಕೆಲಸ ಸಿಕ್ಕಿ ಹೋದರು. ಹೋಗುವಾಗ ಫೋನು ಮಾಡುತ್ತೇವೆ ಎಂದು ಎಲ್ಲರೂ ಹೇಳಿದರು.

ಮೀನಿನ ಕೆಲಸ ಬಂದದ್ದು ಆ ಐವರೂ ಇದ್ದಾಗಲೇ. ಕರಾವಳಿಯ ಆಚೆ ಒಂದು ಪುಟ್ಟ ದ್ವೀಪ, ಅದರ ಸುತ್ತ ನೀರಿನೊಳಗೆ ಹವಳ ಬೆಳೆದ ಒಂಬತ್ತು ಬಂಡೆ. ಪ್ರವಾಸಿಗಳ ಬೋಟುಗಳು ಅಲ್ಲಿ ಬಂದು ಕಬ್ಬಿಣದ ಲಂಗರು ಇಳಿಸುತ್ತವೆ, ಲಂಗರು ಬಿದ್ದಲ್ಲಿ ಹವಳ ಪುಡಿಯಾಗುತ್ತದೆ. ಅದನ್ನು ತಪ್ಪಿಸಲು ಬಂಡೆಯ ಪಕ್ಕದ ಮರಳಿನಲ್ಲಿ ಗೂಟ ನೆಟ್ಟು ನೀರ ಮೇಲೆ ಒಂದು ತೇಲುಗುಂಡು ಬಿಟ್ಟರೆ ಬೋಟನ್ನು ಅದಕ್ಕೇ ಕಟ್ಟಬಹುದು, ಲಂಗರಿನ ಹಂಗಿಲ್ಲ. ಸಿಕ್ಕಿದ್ದು ಮೂರೇ ಗುಂಡು. ಒಂಬತ್ತರಲ್ಲಿ ಯಾವ ಮೂರು ಬಂಡೆಗಳನ್ನು ಉಳಿಸಿಕೊಳ್ಳುವುದು ಎಂದು ತೀರ್ಮಾನಿಸಲು ಒಂದು ಸಂಶೋಧನಾ ಸಂಸ್ಥೆ ಪ್ರತಿ ಬಂಡೆಯೆದುರು ಕ್ಯಾಮೆರಾ ಇಟ್ಟು, ವರ್ಷದಲ್ಲಿ ಮೂರು ಸಲ ಒಂದೊಂದು ಗಂಟೆಯ ವಿಡಿಯೊ ಚಿತ್ರ ತೆಗೆಯಿತು. ಎಲ್ಲಿ ಮೀನು ಹೆಚ್ಚೋ, ಎಲ್ಲಿ ಅವು ನೆಲೆ ನಿಂತಿವೆಯೋ ಆ ಬಂಡೆಗೆ ಗುಂಡು.

ಕೆಲಸ ಕಲಿಸಲು ಸ್ನೇಹಲ ಎಂಬ ಸಂಶೋಧಕಿ ಹುಮನಾಬಾದಿಗೇ ಬಂದಿದ್ದಳು. ಬೆಳಗಾವಿ ಕಡೆಯವಳು, ಬಿಸಿಲಿಗೆ ಕಪ್ಪಾದ ಮುಖ, ಸಣ್ಣಗೆ ಕತ್ತರಿಸಿದ ಕೂದಲು. ಪುಟ್ಟ ಮೀನುಗಳನ್ನೂ ಹಿಂಡಿನಲ್ಲಿ ಹಾದುಹೋಗುವ ಮೀನುಗಳನ್ನೂ ಬಿಟ್ಟುಬಿಡಿ, ಬಂಡೆಯಲ್ಲೇ ಮನೆ ಮಾಡಿಕೊಂಡ ಐದು ಜಾತಿಗಳನ್ನು ಮಾತ್ರ ಗುರುತಿಸಿ ಎಂದಳು. ಪೊಟರೆಯೊಳಗೆ ಕೂರುವ ಮುರುಮೀನು, ಕವಲು ಹವಳದ ಸುತ್ತ ಜೋಡಿಯಾಗಿ ತಿರುಗುವ ಚಿಟ್ಟೆಮೀನು, ಹವಳ ಕೆರೆದು ತಿನ್ನುವ ಗಿಳಿಮೀನು, ಹೀಗೆ. ಒಂದೇ ಮೀನನ್ನು ಎರಡು ಸಲ ಗುರುತಿಸಬೇಡಿ ಎಂದೂ ಹೇಳಿದಳು. ಹುಡುಗಿಯರು ತಲೆಯಾಡಿಸಿದರು. ಪೂನಂ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ಬಂಡಿ ಒಡದ್ರ ಇವು ಬ್ಯಾರೆ ಬಂಡೀಗಿ ಹೋಗಂಗಿಲ್ಲೇನ್ರಿ ಮೇಡಂ?"

"ಹೋಗಾಕ ಜಾಗ ಇರಬೇಕಲ್ರೀ. ಅಲ್ಲೀ ಪೊಟರಿಯೊಳಗ ಮೊದಲ ಯಾರೋ ಇರ್ತಾರ, ಹೊಸಬ್ರನ್ನ ಕಚ್ಚಿ ಓಡಸ್ತಾರ. ಬಯಲಾಗ ತಿರುಗಿ ತಿರುಗಿ ಯಾರದರ ಬಾಯಾಗ ಹೋಗ್ತಾವ."

ಆ ಮಾತು ಪೂನಂಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಬಂಡೆಗಳನ್ನು ಹಂಚಿದರು. ಸಮ್ರೀನ ಎಂಬ ಚುರುಕು ಹುಡುಗಿಗೆ ನಾಲ್ಕನೆಯದು, ಪೂನಂಗೆ ಏಳನೆಯದು. ಪರದೆಯ ಮೇಲೆ ನೀಲಿ ಬೆಳಕು ಹರಡಿ ಬಂಡೆ ಕಂಡಾಗ ಪೂನಂಗೆ ಮೊದಲು ಏನೂ ಗೊತ್ತಾಗಲಿಲ್ಲ. ಎಲ್ಲ ಮೀನೂ ಒಂದೇ ಥರ, ಎಲ್ಲ ಓಡುತ್ತಿವೆ. ಮೂರನೆಯ ದಿನ ಒಂದು ಮುರುಮೀನಿನ ಕೆಳದುಟಿ ಹರಿದಿರುವುದು ಕಂಡಿತು. ನಾಲ್ಕನೆಯ ದಿನ ಬಾಲ ಮೊಂಡಾದ ಗಿಳಿಮೀನು. ಆಮೇಲೆ ತಡೆಯೇ ಇರಲಿಲ್ಲ. ಒಂದೊಂದರ ಪಕ್ಕೆಯ ಚುಕ್ಕೆ, ಒಂದೊಂದರ ತಿರುಗುವ ಚಾಳಿ, ಯಾವುದು ಪುಕ್ಕಲು, ಯಾವುದು ಜಗಳಗಂಟಿ, ಎಲ್ಲ ಬಿಡಿಬಿಡಿಯಾಗಿ ಕಾಣತೊಡಗಿದವು. ಬಂಡೆಯ ಬಲಗಡೆ ಒಂದು ಅಂಗೈಯಗಲ ಪಾಚಿಯನ್ನು ಬಿಡದೆ ಕಾಯುವ ಒಂದು ಕರಿಯ ಮೀನಿತ್ತು. ಯಾವನು ಬಂದರೂ ಅಟ್ಟಿಸಿಕೊಂಡು ಹೋಗುವುದು, ಗಿಳಿಮೀನಿನ ಗಾತ್ರ ತನ್ನ ಮೂರರಷ್ಟು ಎನ್ನುವ ಪರಿವೆಯೂ ಅದಕ್ಕಿಲ್ಲ. ಪೂನಂ ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟಳು. ಪೊಟರೆಯಿಂದ ಮುಸುಡಿ ಮಾತ್ರ ಹೊರಗೆ ಹಾಕಿ ಕೂರುವ ದೊಡ್ಡ ಮುರುಮೀನು ಮುದುಕಪ್ಪ. ಚಿಟ್ಟೆಮೀನುಗಳ ಜೋಡಿಗೆ ಹೆಸರು ಹೊಳೆಯದೆ ಬರೇ ಜೋಡಿ ಎಂದಳು.

ಕಾರ್ತಿಕದ ಹೊತ್ತಿಗೆ ತೆಗೆದ ಮೊದಲ ಸುತ್ತಿನ ಚಿತ್ರದಲ್ಲಿ ನಲವತ್ತೊಂದು ಮೀನುಗಳಿಗೆ ಗುರುತು ಬಿತ್ತು. ಎರಡನೆಯ ಸುತ್ತು ಬಂದಾಗ ಪೂನಂಗೆ ಎಷ್ಟು ಖುಷಿಯಾಯಿತೆಂದರೆ ಡಬ್ಬಿಯ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ಎಲ್ಲರೂ ಇದ್ದರು. ಮುದುಕಪ್ಪ ಇದ್ದ, ಗೌಡ್ತಿ ಇದ್ದಳು, ಜೋಡಿ ಇತ್ತು. ಹೊಸಬರು ನಾಲ್ವರು. ಆ ನಾಲ್ಕಕ್ಕೆ ಗುರುತು ಹಾಕಿ ಮುಂದಕ್ಕೆ ಕಳಿಸಿದಳು. ಮೂರನೆಯ ಸುತ್ತಿನಲ್ಲಿ ಹೊಸಬರು ಇಬ್ಬರು. ಇಬ್ಬರಿಗೂ ಗುರುತಾಯಿತು. ಆದರೆ ಈ ಸಲ ಮೂವರು ಬಂದಿರಲಿಲ್ಲ. ಮೊಂಡುಬಾಲದ ಗಿಳಿಮೀನು ಇಲ್ಲ, ಒಂದು ಸಣ್ಣ ಮುರುಮೀನು ಇಲ್ಲ, ಜೋಡಿಯಲ್ಲಿ ಒಂದಿಲ್ಲ. ಉಳಿದ ಚಿಟ್ಟೆಮೀನು ಅದೇ ಕವಲು ಹವಳದ ಸುತ್ತ ಒಂಟಿಯಾಗಿ ತಿರುಗುತ್ತಿತ್ತು. ಪೂನಂ ಆ ಒಂದು ಗಂಟೆಯ ಚಿತ್ರವನ್ನು ಐದು ಸಲ ನೋಡಿದಳು. ಬರದಿದ್ದವರ ಹೆಸರು ಬರೆಯಲು ಆ ಪರದೆಯ ಮೇಲೆ ಎಲ್ಲೂ ಜಾಗವಿರಲಿಲ್ಲ. ಕಂಡದ್ದಕ್ಕೆ ಚೌಕವಿತ್ತು, ಕಾಣದ್ದಕ್ಕೆ ಇರಲಿಲ್ಲ.

ಅವಳ ಕೆಲಸವನ್ನು ಎರಡನೆಯ ಸಲ ನೋಡಿ ಸರಿ ಎನ್ನಬೇಕಾದವನು ಅಜೀಮ್. "ಪೂನಂಬಾಯಿ ನೋಡ್ಯಾಳಂದ್ರ ಮುಗೀತು" ಎಂದು ಅವನು ಕಣ್ಣು ಮುಚ್ಚಿ ಸರಿ ಒತ್ತಿದ. ಹೊಗಳಿಕೆಯ ರೂಪದಲ್ಲಿ ಬರುವ ಸೋಮಾರಿತನಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಸ್ನೇಹಲಳ ಫೋನು ಬಂತು. ಸೆಂಟರಿನಲ್ಲಿ ಆಗ ಅಜೀಮ್ ಮತ್ತು ಪೂನಂ ಇಬ್ಬರೇ. ಅಜೀಮ್ ಫೋನಿನ ಸ್ಪೀಕರು ಹಾಕಿ ಮೇಜಿನ ಮೇಲಿಟ್ಟ. ಸ್ನೇಹಲ ಕೆಲಸ ಚೆನ್ನಾಗಿದೆ ಎಂದಳು, ಎರಡು, ನಾಲ್ಕು, ಐದನೆಯ ಬಂಡೆಗಳನ್ನು ಆರಿಸಿದ್ದೇವೆ, ಮುಂದಿನ ಗುರುವಾರ ಮೀಟಿಂಗಿನಲ್ಲಿ ಪಾಸಾಗುತ್ತದೆ ಎಂದಳು.

"ಏಳನೇದರ ಮ್ಯಾಲ ನಮಗ ಭಾಳ ಆಸೆ ಇತ್ತು, ಅಜೀಮ್ ಭಾಯ್. ಮೊದಲ ಸಲ ನಲವತ್ತೊಂದು ಇದ್ವು. ಆಮ್ಯಾಲ ನಾಲ್ಕು, ಆಮ್ಯಾಲ ಎರಡು. ಏನಾತೋ ಗೊತ್ತಿಲ್ಲ. ಸತ್ತ ಬಂಡಿಗಿ ಗುಂಡು ಹಾಕಿ ಏನು ಮಾಡೂದು, ಅದನ್ನ ಬಿಟ್ಟೀವಿ."

ಪೂನಂ ತಟ್ಟನೆ ಎದ್ದು ಮೇಜಿನ ತನಕ ಬಂದಳು. ಅಷ್ಟರಲ್ಲಿ ಅಜೀಮ್ ಅವಳ ಮುಖ ನೋಡಿ, ಏನೋ ಎಡವಟ್ಟಾಗಿದೆ ಎಂದು ಊಹಿಸಿ, ಆಯ್ತು ಮೇಡಂ ಎಂದು ಫೋನಿಟ್ಟುಬಿಟ್ಟ.

"ಅವು ಎಲ್ಲಾ ಅಲ್ಲೇ ಅದಾವ ಭಾಯ್" ಎಂದಳು ಪೂನಂ. "ನಾ ಮೊದಲ ಎಣಿಸಿದವ್ನ ಮತ್ತ ಯಾಕ ಎಣಿಸ್ಲಿ?"

ಅಜೀಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತ. ಒಂದೇ ಮೀನನ್ನು ಎರಡು ಸಲ ಗುರುತಿಸಬೇಡಿ ಎಂದಿದ್ದು ಒಂದೇ ಸುತ್ತಿನ ಚಿತ್ರದೊಳಗೆ, ಮುಂದಿನ ಸುತ್ತಿನಲ್ಲಿ ಎಲ್ಲವನ್ನೂ ಮತ್ತೆ ಎಣಿಸಬೇಕಿತ್ತು. ಒಂದು ಸುತ್ತಿನಲ್ಲಿ ಕಂಡ ಮೀನನ್ನು ತಿಂಗಳುಗಟ್ಟಲೆ ನಂತರದ ಸುತ್ತಿನಲ್ಲಿ ಗುರುತು ಹಿಡಿಯುವ ಮನುಷ್ಯರಿರುತ್ತಾರೆ ಎಂದು ಆ ನಿಯಮ ಬರೆದವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ.

"ಬಿಟ್ಟುಬಿಡ್ರಿ ಪೂನಂಬಾಯಿ" ಎಂದ ಅಜೀಮ್ ಬಹಳ ಮೆತ್ತಗೆ. "ಎರಡನೇ ಸಹಿ ನಂದದ. ನೋಡಲಾರದ ಸರಿ ಅಂದೀನಿ ಅಂತ ಗೊತ್ತಾದ್ರ ಇನ್ನ ಮುಂದ ನಮಗ ಯಾರು ಕೆಲಸ ಕೊಡ್ತಾರ? ಸೆಂಟರಾ ಮುಚ್ಚಬೇಕಾಗ್ತದ. ನೀವು ಎಲ್ಲಿ ಹೋಗ್ತೀರಿ? ಮೀನ ಬಂದು ಕೇಳ್ತಾವೇನು?"

ಕೊನೆಯ ಮಾತು ಆಡಬಾರದಿತ್ತು ಎಂದು ಅವನಿಗೂ ಅನಿಸಿರಬೇಕು, ತಲೆ ತಗ್ಗಿಸಿದ. ಪೂನಂ ಕಂಪ್ಯೂಟರು ಆರಿಸಿ ಮೆಟ್ಟಿಲಿಳಿದಳು.

ಆ ಸಂಜೆ ವಜೀರಬಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪೂನಂ ಬಂದು ಕಟ್ಟೆಯ ಮೇಲೆ ಕೂತದ್ದನ್ನು ನೋಡಿ, "ಯಾಕ ಬೇಟಿ, ಮುಖ ಇಷ್ಟೇ ಆಗ್ಯಾದ?" ಎಂದು ಕೇಳಿದಳು.

"ಖಾಲಾ, ನನ್ನ ತಪ್ಪಿನಿಂದ ಒಬ್ರ ಮನಿ ಹೋಗಾಕತ್ತಾದ."

"ಯಾರ ಮನಿ?"

ಪೂನಂ ಕೆಳಗೆ ಬಿದ್ದ ನಾಲ್ಕು ಅಕ್ಕಿಕಾಳು ಹೆಕ್ಕಿ ಮೊರಕ್ಕೆ ಹಾಕಿದಳು. ಮೀನಿನದು ಎಂದರೆ ಮುದುಕಿ ನಗುತ್ತಿದ್ದಳೋ ಇಲ್ಲವೋ ತಿಳಿಯದು. ಆದರೆ ಗೌಡ್ತಿ, ಮುದುಕಪ್ಪ, ಒಂಟಿಯಾದ ಚಿಟ್ಟೆಮೀನು, ಇವರನ್ನೆಲ್ಲ ಯಾವ ಬಾಯಿಂದ ಪರಿಚಯ ಮಾಡಿಕೊಡುವುದು? ಈ ಊರಿನಲ್ಲಿ, ಈ ಜಿಲ್ಲೆಯಲ್ಲಿ, ಬಹುಶಃ ಭೂಮಿಯ ಮೇಲೆಯೇ ಅವರನ್ನು ಬಲ್ಲವಳು ತಾನೊಬ್ಬಳು. ಅದು ಹೆಮ್ಮೆಯ ವಿಷಯವಾಗಿ ಆ ಸಂಜೆ ಅವಳಿಗೆ ತೋರಲಿಲ್ಲ. ಸುಮ್ಮನೆ ಭಾರವಾಗಿ ತೋರಿತು. ವಜೀರಬಿ ಒತ್ತಾಯ ಮಾಡಲಿಲ್ಲ, ಒಂದು ಬಟ್ಟಲು ಚಹಾ ತಂದಿಟ್ಟು ಮತ್ತೆ ಅಕ್ಕಿಗೆ ಕೈಹಚ್ಚಿದಳು.

ಭಾನುವಾರ ಪೂನಂ ಬಸವಕಲ್ಯಾಣದ ಬಸ್ಸು ಹಿಡಿದು, ಅಲ್ಲಿಂದ ಆಟೊದಲ್ಲಿ ಮೋರಖಂಡಿಗೆ ಹೋದಳು. ಹೋಗಲು ಕಾರಣವೇನೂ ಇರಲಿಲ್ಲ. ವೈನಿ ಉಣ್ಣಲಿಕ್ಕೆ ಹಾಕಿದಳು, ಕಲ್ಲಿನಾಥ ಟೆಂಪೊ ತೊಳೆಯುತ್ತಿದ್ದ. ದೊಡ್ಡಿಯ ಕಲ್ಲುಗೋಡೆ ಒಂದು ಕಡೆ ಕೆಡವಿ ಟೆಂಪೊ ನಿಲ್ಲಿಸಲು ಜಾಗ ಮಾಡಿದ್ದ. ನೆಲಕ್ಕೆ ಸಿಮೆಂಟು ಬಿದ್ದಿತ್ತು. ಪೂನಂ ಅಲ್ಲಿ ಹೋಗಿ ನಿಂತಳು. ಕುರಿಯ ವಾಸನೆ ಕೂಡ ಇರಲಿಲ್ಲ.

"ಅಣ್ಣಾ, ಆ ಕುರಿ ಯಾವ ಊರಿಗಿ ಹೋದ್ವು, ಮುಂದ ಏನರ ಗೊತ್ತಾತೇನು?"

ಕಲ್ಲಿನಾಥ ಪೈಪು ಹಿಡಿದು ತಂಗಿಯ ಕಡೆ ನೋಡಿದ. "ಎರಡು ವರ್ಷ ಆತು. ಈಗ್ಯಾಕ ಕೇಳಾಕತ್ತಿ?" ಎಂದ. ಪೈಪು ಕೆಳಗಿಟ್ಟು, "ನೀ ಅವತ್ತ ಬ್ಯಾಡ ಅಂತ ಒಂದು ಮಾತು ಅಂದಿದ್ರ ನಾ ಒಂದೆರಡು ಉಳಿಸ್ತಿದ್ದೆ. ನೀ ಬಾಯೇ ಬಿಡಲಿಲ್ಲ" ಎಂದ.

ನಿಜವಿರಬಹುದು, ಇಲ್ಲದಿರಬಹುದು. ಮಾರಿ ಮುಗಿದ ಮೇಲೆ ಹೀಗನ್ನುವುದು ಸುಲಭ. ಆದರೆ ಬಾಯಿ ಬಿಡದೇ ಇದ್ದದ್ದು ನಿಜ. ಗಂಡನ ಮನೆಯಲ್ಲಿಯೂ ಬಿಡಲಿಲ್ಲ, ಇಲ್ಲಿಯೂ ಬಿಡಲಿಲ್ಲ. ಹುಮನಾಬಾದಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಹಳ ವರ್ಷಗಳಿಂದ ಬರಬೇಕಿದ್ದ ಸಿಟ್ಟು.

ಸೋಮವಾರ ಸೆಂಟರಿಗೆ ಹೋಗುವ ಮೊದಲೇ, ಬಸ್ ನಿಲ್ದಾಣದ ಎದುರು ನಿಂತು ಸ್ನೇಹಲಳಿಗೆ ಫೋನು ಮಾಡಿದಳು. ಬಸ್ಸುಗಳ ಗದ್ದಲದಲ್ಲಿ ಎರಡೆರಡು ಸಲ ಹೇಳಬೇಕಾಯಿತು. ತಪ್ಪು ತನ್ನದು, ಮೀನುಗಳು ಅಲ್ಲೇ ಇವೆ, ಮೂರು ಮಾತ್ರ ಇಲ್ಲ, ಹೊಸವು ಆರು ಬಂದಿವೆ. ಸ್ನೇಹಲ ನಡುವೆ ತಡೆದು ಕೇಳಿದಳು.

"ಅವೇ ಮೀನು ಅಂತ ನಿಮಗ ಹ್ಯಾಂಗ ಗೊತ್ತು?"

"ಮುಖ ನೋಡಿದ್ರ ಗೊತ್ತಾಗ್ತದಲ್ರಿ."

ಇದನ್ನು ನಂಬಿ ಯಾವ ಸಂಸ್ಥೆಯೂ ಪಟ್ಟಿ ಬದಲಿಸುವುದಿಲ್ಲ. ಬುಧವಾರ ಬೆಳಿಗ್ಗೆ ಸ್ನೇಹಲ ರಾತ್ರಿಯ ಬಸ್ಸಿನ ನಿದ್ದೆಗಣ್ಣಿನಲ್ಲೇ ಹುಮನಾಬಾದಿಗೆ ಬಂದಿಳಿದಳು. ಅಜೀಮ್ ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡ. ಸ್ನೇಹಲ ತಲೆಯಾಡಿಸಿ ಒಳಗೆ ಬಂದಳು. ಲ್ಯಾಪ್‌ಟಾಪು ತೆರೆದು ಪೂನಂಳನ್ನು ಎದುರಿಗೆ ಕೂರಿಸಿಕೊಂಡಳು. ಮೂರು ಸುತ್ತಿನ ಚಿತ್ರಗಳಿಂದ ಮೀನುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಬೇರೆ ಬಂಡೆಗಳ ಮೀನುಗಳನ್ನೂ ನಡುನಡುವೆ ಸೇರಿಸಿ, ಕಲಸುಮೇಲೋಗರ ಮಾಡಿ ತಂದಿದ್ದಳು. ಹಿಂದೆ ಬಂಡೆಯಾಗಲಿ ಹವಳವಾಗಲಿ ಕಾಣದ ಹಾಗೆ ಬರೀ ಮೀನು.

"ಇದು?"

"ಹರಕ ತುಟಿ. ಮುದುಕಪ್ಪನ ಕೆಳಗಿನ ಪೊಟರಿಯಾಗ ಇರ್ತದ."

"ಇದು?"

"ಇದೂ ಅದೇರಿ. ಮಗ್ಗಲಾ ಬದಲಾಗ್ಯಾದ ಅಷ್ಟೇ."

"ಇದು?"

ಪೂನಂ ಬಗ್ಗಿ ನೋಡಿದಳು. "ಇದು ನಮ್ಮದಲ್ರಿ."

ಸ್ನೇಹಲ ಪ್ರತಿ ಉತ್ತರಕ್ಕೂ ತನ್ನ ಪಟ್ಟಿ ನೋಡುತ್ತಿದ್ದಳು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಪಕ್ಕೆಯ ಚುಕ್ಕೆಗಳನ್ನು ಒಂದಕ್ಕೊಂದು ಹೊಂದಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು ಪಟ್ಟಿ ನೋಡುವುದನ್ನು ಬಿಟ್ಟಿದ್ದಳು. ಅಜೀಮ್ ತಂದಿಟ್ಟ ಚಹಾ ಆರಿಹೋಗಿತ್ತು.

"ಇದನ್ನ ತಿಳ್ಕೊಳ್ಳಾಕ ನಾವು ಮೀನ ಹಿಡದು ರೆಕ್ಕಿಗಿ ಬಿಲ್ಲೆ ಚುಚ್ಚಿ ಬಿಡ್ತೀವಿ" ಎಂದಳು ಸ್ನೇಹಲ. "ಅರ್ಧಕ್ಕರ್ಧ ಮತ್ತ ಸಿಗೂದೇ ಇಲ್ಲ. ನೀವು ಕೂತಲ್ಲೇ ಒಂದು ವರ್ಷದ್ದು ಹೇಳಾಕತ್ತೀರಿ. ಎಲ್ಲಿ ಕಲತ್ರಿ ಇದನ್ನ?"

"ಕಲಿಯೂದೇನದರಿ ಅದರಾಗ" ಎಂದಳು ಪೂನಂ. ಯಾರಾದರೂ ಹೊಗಳಿದರೆ ಏನು ಮಾಡಬೇಕೆಂದು ಅವಳಿಗೆ ರೂಢಿಯಿರಲಿಲ್ಲ. ಆರಿದ ಚಹಾ ಎತ್ತಿ ಕುಡಿದಳು.

ನಲವತ್ತೊಂದರಲ್ಲಿ ಮೂವತ್ತೆಂಟು ವರ್ಷವಿಡೀ ಅದೇ ಬಂಡೆಯಲ್ಲಿ, ತಮ್ಮ ತಮ್ಮ ಪೊಟರೆ ಬಿಡದೆ ಇವೆ. ಹೊಸ ಆರು ಸೇರಿ ಈಗ ನಲವತ್ತನಾಲ್ಕು. ಒಂಬತ್ತೂ ಬಂಡೆಗಳಲ್ಲಿ ಇದಕ್ಕಿಂತ ಗಟ್ಟಿಯಾಗಿ ನೆಲೆ ನಿಂತ ಮೀನುಗಳು ಇನ್ನೆಲ್ಲಿಯೂ ಇಲ್ಲ. ಸ್ನೇಹಲ ಇಷ್ಟನ್ನು ಬರೆದುಕೊಂಡು ಸಂಜೆಯ ಬಸ್ಸಿಗೆ ಹೊರಟಳು. ಹೊರಡುವಾಗ ಪೂನಂಳ ಕೈ ಹಿಡಿದು, ನಾಳೆಯ ಮೀಟಿಂಗಿನಲ್ಲಿ ತನ್ನಿಂದ ಆದಷ್ಟು ಮಾಡುತ್ತೇನೆ ಎಂದಳು. ಮೀನಿನ ಕೆಲಸ ಇಲ್ಲಿಗೆ ಮುಗಿಯಿತು ಎಂಬ ಸುದ್ದಿಯನ್ನೂ ಹೇಳಿದಳು. ನೀವೆಲ್ಲ ಗುರುತು ಹಾಕಿದ್ದನ್ನು ನೋಡಿ ಈಗ ಯಂತ್ರವೇ ಮೀನು ಎಣಿಸಲು ಕಲಿತಿದೆ, ಮುಂದಿನ ವರ್ಷದ ಚಿತ್ರಗಳನ್ನು ಅದೇ ನೋಡುತ್ತದೆ. ಹಳೆಯ ಚಿತ್ರಗಳಿರುವ ಡಿಸ್ಕನ್ನು ಶನಿವಾರ ಕೊರಿಯರಿಗೆ ಹಾಕಿಬಿಡಿ ಎಂದು ಅಜೀಮನಿಗೆ ಹೇಳಿ ಹೋದಳು. ಪೂನಂ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ತರಕಾರಿ ಕೊಂಡು ಮನೆಗೆ ಹೋದಳು.

ಗುರುವಾರ ಸಂಜೆ ಐದಕ್ಕೆ ಫೋನು ಬಂತು. ಈ ಸಲ ಸ್ನೇಹಲ ನೇರವಾಗಿ ಪೂನಂಗೇ ಮಾಡಿದ್ದಳು.

"ಏಳನೇದು ಪಾಸಾತು. ಮಳಿಗಾಲ ಮುಗದ ಕೂಡ್ಲೇ ಗುಂಡು ಹಾಕ್ತಾರ. ಇನ್ನ ಅಲ್ಲಿ ಯಾರೂ ಲಂಗರು ಒಗೆಯಂಗಿಲ್ಲ."

ಪೂನಂ ಅಜೀಮನ ಕಡೆ ತಿರುಗಿ ಪಾಸಾಯಿತೆಂದು ಕೈಸನ್ನೆ ಮಾಡಿದಳು. ತಾನು ಬಾಯಿ ಬಿಟ್ಟು ಕೇಳಿ, ಕೇಳಿದ್ದು ಸಿಕ್ಕಿದ್ದು ಅವಳ ಜೀವನದಲ್ಲಿ ಇದೇ ಮೊದಲು. ಅಜೀಮ್ ಎದುರಿಗೆ ಕೂತು ಎರಡೂ ಕೈಯೆತ್ತಿ ದುವಾ ಮಾಡಿದ. ಅವನ ಸೆಂಟರಿಗೆ ಎಚ್ಚರಿಕೆ ಪತ್ರವೊಂದು ಬರುವುದಿತ್ತು, ಅಷ್ಟರಲ್ಲೇ ಮುಗಿದಿತ್ತು.

"ಹಂಗಾದ್ರ ಈಗ ನಾಲ್ಕು ಗುಂಡು ಆದ್ವೇನ್ರಿ ಮೇಡಂ?"

"ಇಲ್ರಿ ಪೂನಂ. ಗುಂಡು ಮೂರೇ. ನಾಲ್ಕನೇ ಬಂಡಿ ಬಿಡಬೇಕಾತು."

"ಅಲ್ಲಿ ಎಷ್ಟ ಅದಾವರಿ?"

"ಮೂವತ್ಮೂರು. ಏನ ಮಾಡೂದು, ಒಂದನ್ನ ಬಿಡಲೇಬೇಕಿತ್ತು. ನೀವು ಮನಸ್ಸಿಗಿ ಹಚ್ಕೋಬ್ಯಾಡ್ರಿ."

ಫೋನಿಟ್ಟ ಮೇಲೆ ಪೂನಂ ಕುರ್ಚಿಯಲ್ಲಿ ಹಾಗೆಯೇ ಕೂತಳು. ನಾಲ್ಕನೆಯ ಬಂಡೆ ಸಮ್ರೀನಳದು. ಅವಳು ನಿಯಮದ ಪ್ರಕಾರ ಒಂದೊಂದು ಸುತ್ತಿನಲ್ಲೂ ಸರಿಯಾಗಿ ಎಣಿಸಿದ್ದಳು, ಎಲ್ಲೂ ತಪ್ಪಿರಲಿಲ್ಲ. ಮದುವೆಯಾಗಿ ಕಲಬುರಗಿಗೆ ಹೋಗಿ ಒಂದು ತಿಂಗಳಾಗಿತ್ತು. ಮೂವತ್ಮೂರರಲ್ಲಿ ಒಂದರ ಮುಖವನ್ನೂ ಅವಳು ನೆನಪಿಟ್ಟುಕೊಂಡಿರಲಿಕ್ಕಿಲ್ಲ, ನೆನಪಿಡಬೇಕೆಂದು ಅವಳಿಗೆ ಯಾರೂ ಹೇಳಿರಲೂ ಇಲ್ಲ. ತನ್ನವರಿಗಾಗಿ ತಾನು ಬಸ್ ನಿಲ್ದಾಣದೆದುರು ನಿಂತು ಕೂಗಿ ಹೇಳಿದ್ದಳು. ಅವರಿಗಾಗಿ ಕೂಗುವವರು ಎಲ್ಲಿಯೂ ಇರಲಿಲ್ಲ. ಸಂತೋಷದ ಬಾಯಲ್ಲೇ ಕಹಿ ಬಂದಿತ್ತು. ತಾನು ಮಾಡಿದ್ದು ತಪ್ಪೇ? ಅಲ್ಲ. ಆದರೂ ಕುರ್ಚಿಯನ್ನು ಅಜೀಮನ ಕಡೆ ತಿರುಗಿಸಿದಳು.

"ಭಾಯ್, ಡಿಸ್ಕ್ ಶನಿವಾರ ಕಳಸ್ತೀರಲ್ಲ?"

"ಹೌದು. ಯಾಕ?"

"ಅಲ್ಲೀತನಕ ನಂಗ ನಾಲ್ಕನೇ ಬಂಡೀದು ಹಚ್ಚಿ ಕೊಡ್ರಿ."

ಅಜೀಮ್ ಗಾಬರಿಯಾದ. "ಅದರಾಗೂ ತಪ್ಪು ಆಗ್ಯಾದೇನು?"

"ಇಲ್ಲ, ಅದು ಸರಿ ಅದ."

"ಮತ್ತ ಅದನ್ನ ನೋಡಿ ಏನ ಮಾಡ್ತೀರಿ? ಲೆಕ್ಕ ಮುಗದಾದ. ಅದಕ್ಕ ಯಾರೂ ರೊಕ್ಕಾನೂ ಕೊಡಂಗಿಲ್ಲ."

"ಲೆಕ್ಕಕ್ಕಲ್ಲ ಭಾಯ್" ಎಂದಳು ಪೂನಂ. "ಅವು ಯಾರಂತ ಒಬ್ರಿಗರ ಗೊತ್ತಿರಬೇಕು."

ಅಜೀಮ್ ಚಿತ್ರ ಹಚ್ಚಿಕೊಟ್ಟು ತನ್ನ ಕೋಣೆಗೆ ಹೋದ. ನೀಲಿ ನೀರು ಪರದೆ ತುಂಬಿತು. ಏಳನೆಯದಕ್ಕಿಂತ ಚಿಕ್ಕ ಬಂಡೆ, ಎಡಗಡೆ ಆಗಲೇ ಒಂದು ತುಂಡು ಮುರಿದು ಬಿದ್ದಿತ್ತು. ಮುರಿದ ಜಾಗದ ಕೆಳಗಿನಿಂದ ಒಂದು ಮುರುಮೀನು ನಿಧಾನವಾಗಿ ಹೊರಗೆ ಬಂದು ಕ್ಯಾಮೆರಾದ ಕಡೆ ತಿರುಗಿತು. ಪೂನಂ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅದರ ಮುಖ ನೋಡತೊಡಗಿದಳು.